ಚಿತ್ರದಂತಿರುವ ಮನೆ ಬೇಡ, ನಾನು ಬದುಕುವ ಮನೆ ಬೇಕು: 1961ರ ಫ್ಲ್ಯಾಟಿಗೆ ಮಿಡ್‌ಸೆಂಚುರಿ ಒಳಾಂಗಣ, ಸಲಹೆ ಕೊಡಿ

ಪಡುವಣ ಕಿಟಕಿ (ಭಾನುವಾರ, ಬೆಳಗ್ಗೆ)

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಒಂದು ಫ್ಲ್ಯಾಟ್ ಕೊಂಡೆ. ಕಟ್ಟಡ 1961ರದ್ದು, ನಮ್ಮದು ನಾಲ್ಕನೇ ಮಹಡಿ, ಒಟ್ಟು 58 ಚದರ ಮೀಟರ್. ಪಡಸಾಲೆ 4.2 ಮೀಟರ್ ಅಗಲ, 5.4 ಮೀಟರ್ ಉದ್ದ. ಪಶ್ಚಿಮದ ಗೋಡೆಯ ತುಂಬ ಕಿಟಕಿ. ಸೂರು ಮಾತ್ರ ತಗ್ಗು, 2.45 ಮೀಟರ್. ಪಡಸಾಲೆಯ ಇನ್ನೊಂದು ತುದಿಯಲ್ಲಿ ಇಬ್ಬರು ಎದುರುಬದುರಾದರೆ ಒಬ್ಬರು ಹಿಂದೆ ಸರಿಯಬೇಕಾದಷ್ಟು ಕಿರಿದಾದ ಅಡುಗೆಮನೆ. ಒಂದು ಮಲಗುವ ಕೋಣೆ, ಜೊತೆಗೆ ಅಮ್ಮನಿಗೆಂದು ಪುಟ್ಟದೊಂದು ಕೋಣೆ.

ಕಟ್ಟಡ ಆ ಕಾಲದ್ದಾದ್ದರಿಂದ ಒಳಗೂ ಆ ಕಾಲದ, ಅಂದರೆ 1950-60ರ ದಶಕಗಳ ಮಿಡ್‌ಸೆಂಚುರಿ ರೀತಿಯೇ ಇರಲಿ ಎಂದು ವರ್ಷಗಳಿಂದ ಕೂಡಿಟ್ಟ ಚಿತ್ರಗಳನ್ನೆಲ್ಲ ಹರವಿಕೊಂಡು ಪಟ್ಟಿ ಮಾಡಿದೆ: ತಗ್ಗಾದ ಮೂರಾಳಿನ ಸೋಫಾ, ಒರಗು ಕುರ್ಚಿ, ಗಾಜಿನ ಕಾಫಿ ಮೇಜು, ಉದ್ದನೆಯ ತೇಗದ ಕಪಾಟು, ಕಡ್ಡಿಗಳ ತುದಿಯಲ್ಲಿ ಗುಂಡುಗಳಿರುವ ಗೋಡೆ ಗಡಿಯಾರ. ನಿನ್ನೆ ಇವೆಲ್ಲದರ ಅಳತೆಗೆ ಹಳೆಯ ವೃತ್ತಪತ್ರಿಕೆಗಳನ್ನು ಕತ್ತರಿಸಿ ನೆಲದ ಮೇಲೆ ಹಾಸಿ ನೋಡಿದೆ. ಎಲ್ಲವೂ ಹಿಡಿಯುತ್ತದೆ. ಆದರೆ ಕಾಗದಗಳ ನಡುವೆ ನಿಂತಾಗ ಮನಸ್ಸಿಗೆ ಕಸಿವಿಸಿಯಾಯಿತು. ಇಷ್ಟೆಲ್ಲ ಬಂದ ಮೇಲೆ ನಾನು ಕೆಲಸ ಮಾಡುವುದೆಲ್ಲಿ? ಅಮ್ಮ ಕೂರುವುದೆಲ್ಲಿ?

ನಾನು ಅನುವಾದಕಿ, ಕೆಲಸ ಮನೆಯಿಂದಲೇ. ಏಕಕಾಲಕ್ಕೆ ನಾಲ್ಕೈದು ನಿಘಂಟುಗಳು ತೆರೆದಿರಬೇಕು. ಪುಸ್ತಕಗಳು ಸಾವಿರದ ಹತ್ತಿರ, ಸಂಗೀತದ ಎಲ್‌ಪಿ ತಟ್ಟೆಗಳು ಮುನ್ನೂರು. ಅಮ್ಮ ವರ್ಷದಲ್ಲಿ ಆರು ತಿಂಗಳು ನನ್ನ ಜೊತೆಗಿರುತ್ತಾರೆ, ಅವರಿಗೆ ಮಂಡಿನೋವು. ತಿಂಗಳಿಗೊಮ್ಮೆ ಐದಾರು ಸ್ನೇಹಿತರು ಊಟಕ್ಕೆ ಬರುತ್ತಾರೆ. ಆ ಶೈಲಿಯನ್ನು ನಾನು ನಿಜವಾಗಿಯೂ ಪ್ರೀತಿಸುತ್ತೇನೆ, ಬಿಡಲು ಮನಸ್ಸಿಲ್ಲ. ಆದರೆ ಮನೆ ವಸ್ತುಸಂಗ್ರಹಾಲಯವಾಗಬಾರದು, ಬೆಚ್ಚಗಿರಬೇಕು. ಎಲ್ಲಿಂದ ಶುರು ಮಾಡಲಿ?

ಅಳತೆಪಟ್ಟಿ (ಭಾನುವಾರ, ಮಧ್ಯಾಹ್ನ)

ಕಾಗದ ಕತ್ತರಿಸಿ ಹಾಸಿದ್ದು ಬಹಳ ಒಳ್ಳೆಯ ಕೆಲಸ. ಅರ್ಧದಷ್ಟು ಜನ ಅದನ್ನು ಮಾಡದೆಯೇ ಸೋಫಾ ತರಿಸಿ ಬಾಗಿಲಲ್ಲಿ ಸಿಕ್ಕಿಸಿಕೊಳ್ಳುತ್ತಾರೆ.

ನಾನು ವಾಸ್ತುಶಿಲ್ಪಿ. ಹೊಸ ಮನೆ ಕಟ್ಟುವುದಕ್ಕಿಂತ ಹಳೆಯ ಫ್ಲ್ಯಾಟುಗಳನ್ನು ತಿದ್ದುವುದೇ ನನ್ನ ಹೆಚ್ಚಿನ ಕೆಲಸ. ನಿಮ್ಮ ಪಟ್ಟಿಯಲ್ಲಿರುವ ಒಂದೊಂದು ವಸ್ತುವೂ ಚೆನ್ನಾಗಿದೆ. ಆದರೆ ಅದು ಚಿತ್ರಗಳಿಂದ ಹುಟ್ಟಿದ ಪಟ್ಟಿ, ನಿಮ್ಮ ದಿನಗಳಿಂದ ಹುಟ್ಟಿದ್ದಲ್ಲ. ಆ ಕಾಲದ ವಿನ್ಯಾಸಕಾರರಾದರೂ ಶೈಲಿಯಿಂದ ಶುರು ಮಾಡಿದವರಲ್ಲ. ಡೆನ್ಮಾರ್ಕಿನ ಬೋರ್ಗೆ ಮೊಗೆನ್ಸನ್ ಮತ್ತು ಗ್ರೆಟೆ ಮೆಯರ್ 1950ರ ದಶಕದಲ್ಲಿ ಗೋಡೆ ಕಪಾಟುಗಳನ್ನು ರೂಪಿಸುವ ಮೊದಲು ಕುಳಿತು ಲೆಕ್ಕ ಹಾಕಿದರು: ಮಡಿಸಿದ ಅಂಗಿ ಎಷ್ಟು ಅಗಲ, ಚಮಚ ಎಷ್ಟು ಉದ್ದ, ಇಂಥ ವಸ್ತುಗಳು ಒಂದು ಮನೆಯಲ್ಲಿ ಸಾಮಾನ್ಯವಾಗಿ ಎಷ್ಟಿರುತ್ತವೆ. ಡ್ರಾಯರಿನ ಆಳ ಅಂಗಿಯ ಅಳತೆಯಿಂದ ಬಂತು. ಅಮೆರಿಕದಲ್ಲಿ ಫ್ಲಾರೆನ್ಸ್ ನೋಲ್ ಅವರ ತಂಡ ಕಚೇರಿಗಳ ಒಳಾಂಗಣ ವಹಿಸಿಕೊಂಡಾಗ ಮೊದಲು ಅಲ್ಲಿನ ನೌಕರರನ್ನು ಮಾತನಾಡಿಸಿ, ಯಾರು ಏನು ಮಾಡುತ್ತಾರೆ, ಯಾರಿಗೆ ಏನು ಬೇಕು ಎಂದು ತಿಳಿದುಕೊಳ್ಳುತ್ತಿತ್ತು. ಮೇಜು ಕುರ್ಚಿಯ ಮಾತು ಆಮೇಲೆ.

ನನ್ನದೊಂದು ಕೋರಿಕೆ. ಇನ್ನು ಹತ್ತು ದಿನ ಏನನ್ನೂ ಕೊಳ್ಳಬೇಡಿ. ಒಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಾ ಹೋಗಿ: ಯಾವ ಹೊತ್ತಿಗೆ, ಎಲ್ಲಿ, ಯಾವ ಭಂಗಿಯಲ್ಲಿ ಇದ್ದಿರಿ, ಕೈಗೆ ಏನು ಬೇಕಾಯಿತು, ಅದನ್ನು ತರಲು ಎಷ್ಟು ದೂರ ಎದ್ದು ಹೋದಿರಿ, ಬೆಳಕು ಎಲ್ಲಿತ್ತು. ಅಮ್ಮನದನ್ನೂ ಬರೆಯಿರಿ. ಹೀಗಿರಬೇಕು ಎಂದುಕೊಂಡಿದ್ದನ್ನಲ್ಲ, ಆದದ್ದನ್ನು.

ಹಳೆ ಕುರ್ಚಿ (ಭಾನುವಾರ, ಸಂಜೆ)

ಅಳತೆಪಟ್ಟಿ ಅವರ ಮಾತನ್ನು ಗೌರವಿಸುತ್ತೇನೆ, ಪೂರ್ತಿ ಒಪ್ಪಲಾರೆ. ದಿನಚರಿ ಬರೆದು ಮನೆ ಮಾಡಿದರೆ ಅಚ್ಚುಕಟ್ಟಾದ ಮನೆಯಾದೀತು. ಎದೆಗೆ ಹತ್ತಿರವಾದ ಮನೆ ಆಗಬೇಕಾದರೆ ಒಂದಾದರೂ ವಸ್ತುವನ್ನು ಪ್ರೀತಿಗೆಂದೇ ತರಬೇಕು. ಇಪ್ಪತ್ತು ವರ್ಷಗಳಿಂದ ನಾನು ಆ ಕಾಲದ ಕುರ್ಚಿಗಳನ್ನು ಹುಡುಕಿ ತರುತ್ತಿದ್ದೇನೆ. ನಮ್ಮ ಮನೆಯಲ್ಲಿ ಎಲ್ಲವೂ ಬದಲಾಗಿದೆ, ಡೆನ್ಮಾರ್ಕಿನ ಹಾನ್ಸ್ ವೆಗ್ನರ್ ಅವರ, ಬೆನ್ನಿನಲ್ಲಿ ಇಂಗ್ಲಿಷಿನ ವೈ ಅಕ್ಷರದ ಆಕಾರವಿರುವ ಕುರ್ಚಿ ಮಾತ್ರ ಇದ್ದಲ್ಲೇ ಇದೆ. ಅವರು ಅದನ್ನು ರೂಪಿಸಿದ್ದು 1949ರಲ್ಲಿ. 1950ರಿಂದ ಇಂದಿನವರೆಗೆ ತಯಾರಿಕೆ ನಿಂತಿಲ್ಲ. ಆಸನದ ಹೆಣಿಗೆಗೆ ಸುಮಾರು 120 ಮೀಟರ್ ಕಾಗದದ ಹುರಿ ಬೇಕು. ಹಿಂಬದಿಯ ಕಮಾನಿನ ಮೇಲೆ ಕೈಯಿಟ್ಟರೆ ಮರ ಬಾಗಿದ ಜಾಗ ಬೆರಳಿಗೆ ತಿಳಿಯುತ್ತದೆ. ದಿನಕ್ಕೆ ಹತ್ತು ಸಲ ಮುಟ್ಟುವ ವಸ್ತು ಹಾಗಿರಬೇಕು. ಮನೆಯ ಬೆಚ್ಚಗಿನ ಭಾವ ನನ್ನ ಮಟ್ಟಿಗೆ ಅಲ್ಲಿಂದ ಶುರುವಾಗುತ್ತದೆ.

ಪಡುವಣ ಕಿಟಕಿ ಅವರೇ, ನಿಮ್ಮ ಪಟ್ಟಿಯಲ್ಲಿ ಯಾವುದನ್ನು ಬಿಟ್ಟರೆ ಅಳು ಬರುತ್ತದೆ? ಅದೊಂದನ್ನು ಇಟ್ಟುಕೊಳ್ಳಿ, ಉಳಿದದ್ದು ದಿನಚರಿ ಹೇಳಿದಂತೆ ಆಗಲಿ.

ಪಡುವಣ ಕಿಟಕಿ (ಭಾನುವಾರ, ರಾತ್ರಿ)

ಒರಗು ಕುರ್ಚಿ. ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಅವರದು, 1956ರದ್ದು. ಬಾಗಿಸಿದ ಪ್ಲೈವುಡ್, ಕಪ್ಪು ಚರ್ಮ, ಜೊತೆಗೆ ಕಾಲು ಚಾಚಲು ಪೀಠ. ಹದಿನೈದನೇ ವಯಸ್ಸಿನಿಂದ ಆಸೆ. ಅಮ್ಮನೂ ಅದರಲ್ಲಿ ಸುಖವಾಗಿ ಕೂರಬಹುದು ಎಂದುಕೊಂಡಿದ್ದೆ.

ಉಳಿ ಬಾಚಿ (ಸೋಮವಾರ, ಬೆಳಗ್ಗೆ)

ಅಮ್ಮನ ವಿಷಯಕ್ಕೆ ಬರೆಯುತ್ತಿದ್ದೇನೆ. ನಾನು ಹಳೆಯ ಮರದ ಸಾಮಾನುಗಳನ್ನು ದುರಸ್ತಿ ಮಾಡುವವನು. ಅಂಗಡಿಗೆ ಬರುವ ಹಿರಿಯರು ಕೂತು ಏಳುವುದನ್ನು ದಿನವೂ ನೋಡುತ್ತೇನೆ.

ಆ ಕುರ್ಚಿ ಅದ್ಭುತ, ನಿಜ. ಆದರೆ ಆಸನ ನೆಲದಿಂದ ಸುಮಾರು 38 ಸೆಂಟಿಮೀಟರ್ ಎತ್ತರದಲ್ಲಿದೆ, ಮೇಲಾಗಿ ಹಿಂದಕ್ಕೆ ಓರೆ. ಏಳುವಾಗ ಮಂಡಿ ಪೃಷ್ಠಕ್ಕಿಂತ ಮೇಲಿರುತ್ತದೆ, ದೇಹದ ಭಾರವೆಲ್ಲ ಮಂಡಿಯ ಮೇಲೆಯೇ ಬೀಳುತ್ತದೆ. ನೋವಿರುವವರಿಗೆ ಆಸನ 45ರಿಂದ 48 ಸೆಂಟಿಮೀಟರ್ ಇರಬೇಕು, ಮೆತ್ತೆ ಗಟ್ಟಿಯಾಗಿರಬೇಕು, ಕುರ್ಚಿಯ ಕೈಗಳು ಆಸನದ ಮುಂಭಾಗದವರೆಗೂ ಬಂದಿರಬೇಕು. ಏಳುವಾಗ ಅಂಗೈ ಊರುವುದು ಆ ತುದಿಯಲ್ಲಿ. ಆ ಕಾಲದ ಒರಗು ಕುರ್ಚಿಗಳಲ್ಲಿ ಹೆಚ್ಚಿನವು ತಗ್ಗು. ಎತ್ತರ ಬೆನ್ನಿನ, ಕೈಗಳುಳ್ಳ ಡೇನಿಷ್ ಕುರ್ಚಿಗಳಲ್ಲಿ ಹುಡುಕಿದರೆ ಸರಿಯಾದ್ದು ಸಿಗುತ್ತದೆ. ಕೊಳ್ಳುವ ಮೊದಲು ಅಮ್ಮನನ್ನೇ ಕರೆದುಕೊಂಡು ಹೋಗಿ. ಅವರು ಐದು ಸಲ ಕೂತು ಏಳಲಿ. ಕುರ್ಚಿ ತಗ್ಗಾಯಿತೆಂದು ಕಾಲಿಗೆ ತುಂಡು ಜೋಡಿಸಿ ಎತ್ತರಿಸಲು ಹೋಗಬೇಡಿ. ಓರೆ ಹಾಗೆಯೇ ಉಳಿಯುತ್ತದೆ, ಸಂದುಗಳು ಸಡಿಲವಾಗುತ್ತವೆ.

ಹಳೆಯ ಕುರ್ಚಿ ನೋಡುವಾಗ ಮೆತ್ತೆ ಎತ್ತಿ ಕೆಳಗಿನ ರಬ್ಬರ್ ಪಟ್ಟಿಗಳನ್ನು ಒತ್ತಿ ನೋಡಿ. ಅರವತ್ತು ವರ್ಷಕ್ಕೆ ಅವು ಒಣಗಿ ಬಿರುಕು ಬಿಟ್ಟಿರುತ್ತವೆ. ಅದು ದೊಡ್ಡ ದೋಷವಲ್ಲ, ಹೊಸ ಪಟ್ಟಿ ಹಾಕಬಹುದು. ಒಳಗಿನ ಸ್ಪಂಜು ಪುಡಿಯಾಗಿದ್ದರೂ ಅಷ್ಟೆ, ಬದಲಿಸಬಹುದು. ಬೆನ್ನು ಹಿಡಿದು ಮೂಲೆಯಿಂದ ಮೂಲೆಗೆ ಮೆಲ್ಲಗೆ ತಿರುಚಿದಾಗ ಕಿರುಗುಟ್ಟಿದರೆ ಸಂದು ಬಿಟ್ಟಿದೆ ಎಂದರ್ಥ, ಬಿಚ್ಚಿ ಮತ್ತೆ ಅಂಟು ಹಾಕಬೇಕು. ಆದರೆ ಮರವೇ ಸೀಳಿದ್ದರೆ, ಅದರಲ್ಲೂ ಕಾಲು ಆಸನಕ್ಕೆ ಸೇರುವಲ್ಲಿ ಸೀಳಿದ್ದರೆ, ಬಿಟ್ಟುಬಿಡಿ.

ಕಪಾಟುಗಳ ಬಗ್ಗೆ ಒಂದೇ ಮಾತು. ಅವುಗಳಲ್ಲಿ ಹೆಚ್ಚಿನವು ಗಟ್ಟಿ ತೇಗವಲ್ಲ, ಮೇಲೆ ವೆನೀರ್, ಅಂದರೆ ತೆಳು ಮರದ ಹೊದಿಕೆ. ಆ ಪದರದ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ಕಡಿಮೆ. ಕಲೆ ಹೋಗಲಿ ಎಂದು ಯಂತ್ರ ಹಿಡಿದು ಉಜ್ಜಿದವರು ಒಳಗಿನ ಹಲಗೆ ಕಾಣುವಂತೆ ಮಾಡಿಕೊಂಡು ನನ್ನ ಬಳಿಗೆ ಓಡಿ ಬರುತ್ತಾರೆ. ಆಗ ನನ್ನ ಕೈಯಲ್ಲೂ ಏನೂ ಇರುವುದಿಲ್ಲ. ಮೊದಲು ಬರೀ ಒದ್ದೆ ಬಟ್ಟೆ, ಸೌಮ್ಯ ಸೋಪು. ಬಹಳಷ್ಟು ಕೊಳೆ ಅಷ್ಟಕ್ಕೇ ಹೋಗುತ್ತದೆ.

ಮೂರನೇ ಮಹಡಿ (ಸೋಮವಾರ, ರಾತ್ರಿ)

ಸಾಮಾನಿನ ಮಾತು ಸಾಗುತ್ತಿರಲಿ. ನಾನೂ ಅದೇ ಕಾಲದ ಕಟ್ಟಡದಲ್ಲಿದ್ದೇನೆ, ಅದಕ್ಕೆ ಹೇಳುತ್ತೇನೆ: ನೆಲಕ್ಕೆ ಕೈ ಹಾಕುವ ಮೊದಲು ಪರೀಕ್ಷೆ ಮಾಡಿಸಿ. ಆ ಕಾಲದ 9 ಇಂಚು ಚೌಕದ, ಅಂದರೆ ಸುಮಾರು 23 ಸೆಂಟಿಮೀಟರಿನ ನೆಲದ ಬಿಲ್ಲೆಗಳಲ್ಲಿ ಅನೇಕ ಕಡೆ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಅವುಗಳ ಕೆಳಗಿನ ಕಪ್ಪು ಅಂಟಿನಲ್ಲೂ ಇರಬಹುದು. ಒಡೆಯದೆ, ಉಜ್ಜದೆ ಹಾಗೆಯೇ ಬಿಟ್ಟರೆ ಅಪಾಯ ಕಡಿಮೆ. ಧೂಳಾದರೆ ಅದು ಶ್ವಾಸಕೋಶಕ್ಕೆ ಸೇರುತ್ತದೆ. ನಮ್ಮ ಮನೆಯಲ್ಲಿ ಕೆಲಸಕ್ಕೆ ಬಂದ ಗುತ್ತಿಗೆದಾರರು ಕೇಳದೆಯೇ ಒಂದು ಕೋಣೆಯ ಬಿಲ್ಲೆಗಳನ್ನು ಯಂತ್ರದಿಂದ ಕೆರೆದುಬಿಟ್ಟರು. ಮಗು ಚಿಕ್ಕದಿತ್ತು. ಮನೆ ಖಾಲಿ ಮಾಡಿ, ತಜ್ಞರಿಂದ ಶುಚಿ ಮಾಡಿಸಿ ಮತ್ತೆ ಒಳಗೆ ಕಾಲಿಡಲು ಆರು ವಾರ ಹಿಡಿಯಿತು. ಆ ದಿನಗಳ ಭಯ ಇನ್ನೂ ಹೋಗಿಲ್ಲ.

ವಿದ್ಯುತ್ ತಂತಿಗಳನ್ನೂ ಗೋಡೆಗೆ ಬಣ್ಣ ಬಳಿಯುವ ಮೊದಲೇ ನೋಡಿಸಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಅದನ್ನೂ ಒಣ ಉಜ್ಜಬೇಡಿ. ಮೂಲದ ಬಾಗಿಲುಗಳು, ಹಿಡಿಕೆಗಳು, ಕಿಟಕಿಯ ಚಿಲಕಗಳು ಉಳಿದಿದ್ದರೆ ದಯವಿಟ್ಟು ಉಳಿಸಿಕೊಳ್ಳಿ. ನಾವು ಎಸೆದೆವು. ಅಂಥವು ಮತ್ತೆ ಸಿಗಲಿಲ್ಲ.

ಪಡುವಣ ಕಿಟಕಿ (ಹನ್ನೆರಡು ದಿನಗಳ ನಂತರ)

ದಿನಚರಿ ಮುಗಿಯಿತು. ಹಳೆಯ ಮನೆಯಿಂದ ತಂದ ಸೋಫಾ, ಮೇಜು, ನಾಲ್ಕು ಕುರ್ಚಿಗಳ ಜೊತೆಗೇ ಹತ್ತು ದಿನ ಬದುಕಿ ಬರೆದೆ. ಓದಿಕೊಂಡಾಗ ನನ್ನ ಬಗ್ಗೆ ನನಗೇ ಗೊತ್ತಿಲ್ಲದ್ದು ಕಾಣಿಸಿತು.

ಸೋಫಾದ ಮೇಲೆ ಹತ್ತು ದಿನಗಳಲ್ಲಿ ಒಟ್ಟು ನಲವತ್ತು ನಿಮಿಷ, ಅದೂ ಬಂದ ಅತಿಥಿಗಳು ಕೂತದ್ದು. ನಾನು ಒಮ್ಮೆಯೂ ಕೂರಲಿಲ್ಲ. ಓದುವುದು ಸಂಜೆ ಐದರಿಂದ ಏಳರವರೆಗೆ, ಕಿಟಕಿಯ ಕೆಳಗೆ ನೆಲದ ಮೇಲೆ, ಗೋಡೆಗೆ ದಿಂಬು ಒತ್ತಿ ಕಾಲು ಚಾಚಿಕೊಂಡು. ಹತ್ತರಲ್ಲಿ ಒಂಬತ್ತು ದಿನ ಹಾಗೆಯೇ.

ಮೇಜಿನ ಬಳಿ ದಿನಕ್ಕೆ ಆರೇಳು ಗಂಟೆ ಕೆಲಸ. ಊಟಕ್ಕೂ ಅದೇ ಮೇಜು. ನಿಘಂಟುಗಳನ್ನು ದಿನಕ್ಕೆ ಮೂರು ಸಲ ಎತ್ತಿ ಕುರ್ಚಿಯ ಮೇಲಿಟ್ಟು, ಮತ್ತೆ ಮೂರು ಸಲ ಮೇಜಿನ ಮೇಲಿಡುತ್ತೇನೆ. ತೆರೆದಿಟ್ಟ ಪುಟ ಪ್ರತಿಸಲವೂ ತಪ್ಪುತ್ತದೆ.

ಸಂಗೀತವನ್ನು ಕೂತು ಕೇಳುವವಳು ನಾನು ಎಂದು ನಂಬಿದ್ದೆ. ಅಲ್ಲ. ಬಟ್ಟೆ ಮಡಿಸುತ್ತಾ, ಗಿಡಗಳಿಗೆ ನೀರು ಹಾಕುತ್ತಾ, ಓಡಾಡುತ್ತಾ ಕೇಳುತ್ತೇನೆ. ತಟ್ಟೆ ತಿರುವಿ ಹಾಕಲು ಮಾತ್ರ ಪ್ಲೇಯರಿನ ಬಳಿಗೆ ಹೋಗುತ್ತೇನೆ.

ಇನ್ನು ಅಮ್ಮ. ಪ್ರತಿದಿನ ಸಂಜೆ ಅವರು ಊಟದ ಕುರ್ಚಿಯೊಂದನ್ನು ಎಳೆದುಕೊಂಡು ಹೋಗಿ ಅಡುಗೆಮನೆಯ ಬಾಗಿಲಲ್ಲಿ ಕೂರುತ್ತಾರೆ. ನಾನು ಒಳಗೆ ಒಲೆಯ ಮುಂದೆ, ಅವರು ಹೊಸ್ತಿಲಲ್ಲಿ. ಒಂದೂವರೆ ಗಂಟೆ ಮಾತು. ನಮ್ಮ ಇಡೀ ದಿನದ ಮಾತೆಲ್ಲ ಅಲ್ಲಿಯೇ ನಡೆಯುತ್ತದೆ. ಕುರ್ಚಿಯ ಕಾಲುಗಳು ನೆಲದ ಮೇಲೆ ಗೀರು ಮಾಡಿವೆ, ಅದನ್ನು ನಾನು ಗಮನಿಸಿದ್ದೇ ಈ ವಾರ. ನನ್ನ ಪಟ್ಟಿಯಲ್ಲಿ ಆ ಜಾಗಕ್ಕೆ ಏನನ್ನೂ ಬರೆದಿರಲಿಲ್ಲ.

ಅಳತೆಪಟ್ಟಿ (ಅದೇ ರಾತ್ರಿ)

ಅಡುಗೆಮನೆಯ ಹೊಸ್ತಿಲೇ ನಿಮ್ಮ ಮನೆಯ ನಡುಮನೆ. ಉಳಿದದ್ದನ್ನೆಲ್ಲ ಅದರ ಸುತ್ತ ಯೋಚಿಸೋಣ.

1952ರಲ್ಲಿ ಮುಗಿದ, ಫ್ರಾನ್ಸಿನ ಮಾರ್ಸೆ ನಗರದ ವಸತಿ ಕಟ್ಟಡಕ್ಕೆ ಷಾರ್ಲೊಟ್ ಪೆರಿಯಾಂದ್ ರೂಪಿಸಿದ ಅಡುಗೆಮನೆಗಳು ಇದೇ ಸಮಸ್ಯೆಗೆ ಉತ್ತರ ಕೊಟ್ಟವು. ಅಡುಗೆಮನೆ ಮತ್ತು ಪಡಸಾಲೆಯ ನಡುವೆ ಪೂರ್ತಿ ಗೋಡೆಯ ಬದಲು ಎರಡೂ ಕಡೆಯಿಂದ ಬಳಸಬಹುದಾದ ಗಿಡ್ಡ ಕಪಾಟು. ಒಲೆಯ ಮುಂದೆ ನಿಂತವರು ಮನೆಯವರ ಮಾತಿನಿಂದ ಹೊರಗುಳಿಯಬಾರದು ಎಂಬುದು ಅದರ ಹಿಂದಿನ ಕಾಳಜಿ. ನಿಮ್ಮ ಅಡುಗೆಮನೆಯ ಗೋಡೆ ಭಾರ ಹೊರುವ ಗೋಡೆಯೇ ಎಂಬುದನ್ನು ಎಂಜಿನಿಯರ್ ಒಬ್ಬರು ಬಂದು ನೋಡಿ ಹೇಳಬೇಕು. ಕಟ್ಟಡದ ಸಂಘದ ಒಪ್ಪಿಗೆಯೂ ಬೇಕಾಗಬಹುದು. ಭಾರದ ಗೋಡೆ ಅಲ್ಲವಾದರೆ ಬಾಗಿಲ ಪಕ್ಕ 1.2 ಮೀಟರ್ ಅಗಲ ತೆರೆಯಿರಿ, ಕೆಳಗೆ 90 ಸೆಂಟಿಮೀಟರ್ ಗೋಡೆ ಉಳಿಸಿಕೊಂಡು. ಪೂರ್ತಿ ಕೆಡವುವುದು ಬೇಡ. ತುಂಬಿದ ಸಿಂಕು ಪಡಸಾಲೆಗೆ ಕಾಣದಷ್ಟು ಮರೆ ಇರಲಿ.

ತೆರೆದ ಜಾಗಕ್ಕೆ ಹೊಂದಿಕೊಂಡಂತೆ ಊಟದ ಮೇಜು ಬರಲಿ, 180 ಸೆಂಟಿಮೀಟರ್ ಉದ್ದ, 90 ಅಗಲ. ಅದರ ತಲೆಯ ಬದಿಗೆ, ಅಡುಗೆಮನೆಗೆ ಮುಖ ಮಾಡಿ, ಅಮ್ಮನ ಕುರ್ಚಿ ಖಾಯಂ. ಕುರ್ಚಿಗಳ ಹಿಂದೆ ಓಡಾಡಲು 90 ಸೆಂಟಿಮೀಟರ್ ಬಿಡಿ. ಹಿರಿಯರು ಇರುವ ಮನೆಯಲ್ಲಿ ಅದಕ್ಕಿಂತ ಕಡಿಮೆ ಮಾಡಬಾರದು. ನಿಘಂಟುಗಳಿಗೆ ಗಾಲಿಯ ಮೇಜು. ಫಿನ್ಲೆಂಡಿನ ಆಲ್ವಾರ್ ಆಲ್ಟೊ 1936ರಲ್ಲಿ ಮಾಡಿದ ಚಹಾದ ಗಾಲಿಮೇಜಿನಂಥದ್ದು, ಎರಡು ಅಂತಸ್ತಿನದು. ಊಟದ ಹೊತ್ತಿಗೆ ಪುಸ್ತಕಗಳು ತೆರೆದ ಪುಟದೊಂದಿಗೇ ಉರುಳಿ ಹೋಗಲಿ, ಮತ್ತೆ ಉರುಳಿ ಬರಲಿ.

ಸೋಫಾ ಬೇಡವೇ ಬೇಡ. ಕಿಟಕಿಯ ಕೆಳಗೆ ಉದ್ದಕ್ಕೂ ದಿವಾನ ಹಾಕಿ. ವೆಗ್ನರ್ 1954ರಲ್ಲಿ ಮಾಡಿದ ದಿವಾನದ ಬೆನ್ನನ್ನು ಮೇಲಕ್ಕೆತ್ತಿದರೆ ಹಿಂದೆ ಹೊದಿಕೆ ದಿಂಬುಗಳಿಗೆ ಜಾಗವಿದೆ. ಹಗಲು ಕೂರಲು, ರಾತ್ರಿ ಅತಿಥಿ ಮಲಗಲು. ನೀವು ನೆಲದ ಮೇಲೆ ಗೋಡೆಗೊರಗಿ ಕಾಲು ಚಾಚುವ ಭಂಗಿ ದಿವಾನದ ಒಂದು ತುದಿಯಲ್ಲಿ ಗಟ್ಟಿ ದಿಂಬಿಟ್ಟರೆ ಹಾಗೆಯೇ ಸಿಗುತ್ತದೆ.

ಉತ್ತರದ ಗೋಡೆ ಪೂರ್ತಿ ಪುಸ್ತಕಕ್ಕೆ. ಗೋಡೆಗೆ ನೇತುಹಾಕುವ ವ್ಯವಸ್ಥೆ ಒಳ್ಳೆಯದು. ಸ್ವೀಡನ್ನಿನ ನಿಸ್ಸೆ ಸ್ಟ್ರಿನಿಂಗ್ 1949ರಲ್ಲಿ ಮಾಡಿದ ತಂತಿ ಏಣಿಯ ಕಪಾಟು, ಜರ್ಮನಿಯ ಡೀಟರ್ ರಾಮ್ಸ್ 1960ರಲ್ಲಿ ಮಾಡಿದ ಲೋಹದ ಪಟ್ಟಿಯ ಕಪಾಟು, ಎರಡೂ ಇಂದಿಗೂ ಸಿಗುತ್ತವೆ. ಅದೇ ತತ್ವದಲ್ಲಿ ನಿಮ್ಮ ಬಡಗಿಯೂ ಮಾಡಿಕೊಡಬಲ್ಲರು. ಹಲಗೆಗಳ ಎತ್ತರ ಬೇಕಾದಂತೆ ಬದಲಿಸಬಹುದು, ನೆಲ ಖಾಲಿ ಉಳಿಯುತ್ತದೆ, ತಗ್ಗಿನ ಸೂರಿನ ಕೋಣೆಗೆ ಉಸಿರಾಡಲು ಜಾಗ ಸಿಗುತ್ತದೆ. ಒಂದೇ ಎಚ್ಚರಿಕೆ ಭಾರದ್ದು. ಒಂದು ಮೀಟರ್ ಸಾಲು ಪುಸ್ತಕ ಸಾಮಾನ್ಯವಾಗಿ 25ರಿಂದ 35 ಕಿಲೋ ತೂಗುತ್ತದೆ. ನೂರು ಎಲ್‌ಪಿ ಸುಮಾರು 25 ಕಿಲೋ, ಅದೂ 40 ಸೆಂಟಿಮೀಟರಿಗಿಂತ ಕಡಿಮೆ ಅಗಲದಲ್ಲಿ. ಹಾಗಾಗಿ ತಟ್ಟೆಗಳನ್ನು ನೇತುಹಾಕಬೇಡಿ. ನೆಲದ ಮೇಲೆ ನಿಲ್ಲುವ ಕಪಾಟಿನ ಕೆಳಗಿನ ಖಾನೆಯಲ್ಲಿಡಿ. ಖಾನೆಯ ಒಳ ಎತ್ತರ 33 ಸೆಂಟಿಮೀಟರ್ ಆದರೂ ಇರಲಿ. ಹಳೆಯ ಕಪಾಟು ಕೊಳ್ಳುವವರು ಇದನ್ನು ಅಳೆಯುವುದನ್ನು ಮರೆಯುತ್ತಾರೆ.

ಹಳೆ ಕುರ್ಚಿ (ಮರುದಿನ)

ಅಮ್ಮನ ಹೊಸ್ತಿಲ ಕುರ್ಚಿಯ ಬಗ್ಗೆ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅಳತೆಪಟ್ಟಿ ಅವರೇ, ದಿನಚರಿಯ ವಿಷಯದಲ್ಲಿ ನಿಮ್ಮ ಮಾತು ಸರಿ.

ಆದರೂ ಒರಗು ಕುರ್ಚಿಯನ್ನು ಪಟ್ಟಿಯಿಂದ ತೆಗೆಯಬೇಡಿ ಎಂದೇ ಹೇಳುತ್ತೇನೆ. ಅಮ್ಮನಿಗೆ ಬೇರೆ ಕುರ್ಚಿ ಬಂದ ಮೇಲೆ ಅದು ಎಲ್ಲರಿಗೂ ಹೊಂದಬೇಕೆಂಬ ಹೊರೆ ಇಳಿಯಿತು. ಇನ್ನು ಅದು ನಿಮ್ಮೊಬ್ಬರದೇ ಕುರ್ಚಿ. ಇಂದೇ ಬರಬೇಕೆಂದಿಲ್ಲ, ಜಾಗ ಕಾಯ್ದಿರಿಸಿ.

ಚಿಕ್ಕ ಕೋಣೆ (ಮರುದಿನ)

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಬಾಡಿಗೆ ಮನೆಯಲ್ಲಿದ್ದೇನೆ, ಇಂಥ ಹೆಸರಾಂತ ವಸ್ತುಗಳನ್ನು ಕೊಳ್ಳುವ ಶಕ್ತಿಯಿಲ್ಲ. ನಕಲು ಕೊಳ್ಳುವುದು ತಪ್ಪೇ?

ಉಳಿ ಬಾಚಿ (ಮರುದಿನ)

ತಪ್ಪು ಸರಿ ಎನ್ನುವುದಕ್ಕಿಂತ, ಬಹಳಷ್ಟು ನಕಲುಗಳು ದುರಸ್ತಿಗೆ ಬರುವಂಥವಲ್ಲ. ಹೊರಗಿನ ರೂಪವನ್ನು ಹಿಡಿದಿರುತ್ತಾರೆ, ಒಳಗಿನ ಜೋಡಣೆಯನ್ನಲ್ಲ. ಸಂದಿನಲ್ಲಿ ಗೂಟದ ಬದಲು ಮೊಳೆ, ಒಳಗೆ ಪುಡಿಮರದ ಹಲಗೆ. ಐದು ವರ್ಷದ ಮೇಲೆ ನನ್ನ ಹತ್ತಿರ ತಂದರೆ ಹಿಡಿದು ನಿಲ್ಲಿಸಲು ಮರವೇ ಇರುವುದಿಲ್ಲ.

ನಿಮಗೆ ಹೇಳುವುದಾದರೆ, ಹೆಸರನ್ನು ಬಿಟ್ಟುಬಿಡಿ. 1950 ಮತ್ತು 60ರ ದಶಕಗಳಲ್ಲಿ ಯಾರದೆಂದು ಗೊತ್ತಿಲ್ಲದ ಬಡಗಿಗಳು ಮಾಡಿದ ಕುರ್ಚಿ ಮೇಜುಗಳು ಎಷ್ಟೋ ಇವೆ. ಕೆಳಮುಖವಾಗಿ ಸಪೂರವಾಗುವ ಕಾಲು, ದುಂಡಗೆ ತೀಡಿದ ಅಂಚು, ಕೈ ತೂರಿಸಿ ಎಳೆಯುವಂತೆ ಕೊರೆದ ಡ್ರಾಯರ್ ಹಿಡಿ, ಹಿಂಬದಿಯಲ್ಲೂ ಮುಗಿಸಿದ ಕೆಲಸ. ಇವನ್ನು ನೋಡಿ ಕೊಳ್ಳಿ. ಡ್ರಾಯರನ್ನು ಪೂರ್ತಿ ಎಳೆದು ಅದರ ಮೂಲೆಯ ಹಲ್ಲುಜೋಡಣೆ ನೋಡಿ. ಮಾಡಿದವರ ಮನಸ್ಸು ಅಲ್ಲಿ ಕಾಣುತ್ತದೆ.

ಹಳೆ ಕುರ್ಚಿ (ಮರುದಿನ)

ಇದಕ್ಕೆ ನನ್ನ ಪೂರ್ತಿ ಸಮ್ಮತಿ. ಒಂದು ಮಾತು ಸೇರಿಸುತ್ತೇನೆ: ಬ್ರೆಜಿಲಿನ ಬೀಟೆ ಮರದ ಹಳೆಯ ವಸ್ತು ಕಂಡರೆ ಬೇರೆ ದೇಶದಿಂದ ತರಿಸುವ ಮೊದಲು ಕಾಗದಪತ್ರ ಕೇಳಿ. ಆ ಮರ 1992ರಿಂದ ಅಂತರರಾಷ್ಟ್ರೀಯ ವ್ಯಾಪಾರದ ಕಟ್ಟುನಿಟ್ಟಿನ ನಿರ್ಬಂಧದಲ್ಲಿದೆ. ಕಾಡಿನಲ್ಲಿ ಆ ಮರ ಅಷ್ಟು ಕಡಿಮೆಯಾಗಿದೆ.

ನೆರಳು ಬೆಳಕು (ಎರಡು ದಿನಗಳ ನಂತರ)

ಇಷ್ಟು ದೂರ ಬಂದರೂ ದೀಪದ ಮಾತು ಬಂದಿಲ್ಲ. ಬೆಚ್ಚಗೆ ಎಂಬ ಪದಕ್ಕೆ ಅರ್ಧ ಉತ್ತರ ಅಲ್ಲಿದೆ ಎಂದು ನಂಬಿದವಳು ನಾನು.

ಮೊದಲು ಸೂರಿನ ನಡುವಿನ ದೀಪವನ್ನು ಸಂಜೆ ಹಚ್ಚುವುದನ್ನು ಬಿಡಿ. ಸೂರು 2.45 ಮೀಟರ್ ಇರುವಾಗ ಮೇಲಿನಿಂದ ಸುರಿಯುವ ಒಂದೇ ಬೆಳಕು ಎಲ್ಲರ ಕಣ್ಣ ಕೆಳಗೆ ನೆರಳು ಮಾಡುತ್ತದೆ, ಮೂಲೆಗಳನ್ನೆಲ್ಲ ಒಂದೇ ಸಮ ಬಯಲು ಮಾಡುತ್ತದೆ. ಅದರ ಬದಲು ಕೆಲಸ ನಡೆಯುವ ಜಾಗಕ್ಕೊಂದು ದೀಪ: ಮೇಜಿನ ಮೇಲೆ ತೂಗುದೀಪ, ದಿವಾನದ ತಲೆಯ ಬದಿಗೆ ಓದುವ ದೀಪ, ಕಪಾಟಿನ ಮೇಲೆ ಮಂದವಾದದ್ದೊಂದು.

ಮೇಜಿಗೆ ಡೆನ್ಮಾರ್ಕಿನ ಪೌಲ್ ಹೆನಿಂಗ್ಸನ್ ಅವರ ದೀಪಗಳನ್ನು ಒಮ್ಮೆ ನೋಡಿ. ಒಂದರೊಳಗೊಂದು ತಟ್ಟೆಗಳಿರುವ ದೀಪಗಳನ್ನು ಅವರು 1920ರ ದಶಕದಿಂದಲೇ ಮಾಡುತ್ತಿದ್ದರು. 1958ರ ಪಿಎಚ್ 5 ಅವುಗಳಲ್ಲಿ ಹೆಚ್ಚು ಮನೆ ಸೇರಿದ್ದು, 50 ಸೆಂಟಿಮೀಟರ್ ಅಗಲ. ಅವರ ಹಟ ಒಂದೇ: ಉರಿಯುವ ಬಲ್ಬು ನೇರವಾಗಿ ಕಣ್ಣಿಗೆ ಬೀಳಬಾರದು, ತಟ್ಟೆಗೆ ತಾಗಿ ಮೃದುವಾದ ಬೆಳಕು ಮಾತ್ರ ಹೊರಬರಬೇಕು. ಮೇಜಿನ ಮೇಲ್ಮೈಯಿಂದ 60ರಿಂದ 70 ಸೆಂಟಿಮೀಟರ್ ಎತ್ತರಕ್ಕೆ ತೂಗುಹಾಕಿ. ಹೆಚ್ಚಿನವರು ತೀರ ಮೇಲೆ ಕಟ್ಟಿ, ಬಲ್ಬು ಕಣ್ಣಿಗೆ ಚುಚ್ಚುತ್ತದೆ ಎನ್ನುತ್ತಾರೆ. ತಗ್ಗಿಸಿ ಕಟ್ಟಿದಾಗ ಮೇಜಿನ ಸುತ್ತ ಬೆಳಕಿನ ವೃತ್ತ ಮೂಡುತ್ತದೆ, ಆಚೆಗೆಲ್ಲ ತುಸು ಕತ್ತಲು. ಆ ವೃತ್ತದೊಳಗೆ ಕೂತವರು ತಾವಾಗಿಯೇ ಹತ್ತಿರ ಸರಿಯುತ್ತಾರೆ. ನೀವು ಅದೇ ಮೇಜಿನಲ್ಲಿ ಕೆಲಸವನ್ನೂ ಮಾಡುವುದರಿಂದ ಬೆಳಕನ್ನು ಏರಿಸಿ ಇಳಿಸುವ ಡಿಮ್ಮರ್ ಬೇಕೇ ಬೇಕು.

ಬಲ್ಬುಗಳೆಲ್ಲ 2700 ಕೆಲ್ವಿನ್, ಅಂದರೆ ತುಸು ಹಳದಿಯ ಬೆಚ್ಚನೆ ಬೆಳಕಿನವು. ಡಬ್ಬಿಯ ಮೇಲೆ ಬಣ್ಣ ತೋರಿಸುವ ಗುಣಾಂಕ, ಸಿಆರ್‌ಐ, 90ಕ್ಕಿಂತ ಮೇಲಿರುವುದನ್ನೇ ಆರಿಸಿ. ಕಡಿಮೆಯದಾದರೆ ತೇಗ ಬೂದಿಯಂತೆ ಕಾಣುತ್ತದೆ, ಅಮ್ಮನ ಮುಖವೂ.

ಕಪಾಟಿನ ಮೇಲಿಡಲು ಕಾಗದದ ದೀಪ ಚೆಂದ. ಇಸಾಮು ನೊಗುಚಿ 1951ರಲ್ಲಿ ಜಪಾನಿನ ಗಿಫು ಪಟ್ಟಣದ ಲಾಟೀನು ಕೆಲಸಗಾರರನ್ನು ಕಂಡು ಬಂದ ಮೇಲೆ ಬಿದಿರು ಕಡ್ಡಿ ಮತ್ತು ಕೈಕಾಗದದಲ್ಲಿ ಅಂಥವನ್ನು ಮಾಡತೊಡಗಿದರು. ಮಡಿಸಿಡಬಹುದು, ಹಗುರ, ಬೆಳಕು ಹಾಲಿನಂತೆ. ಚಿಕ್ಕ ಕೋಣೆ ಅವರಿಗೂ ಇದೇ ಹೇಳುತ್ತೇನೆ: ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯದೆಯೇ ಕೋಣೆಯನ್ನು ಬದಲಿಸುವುದು ದೀಪವೊಂದೇ.

ನಿಮ್ಮ ಪಡುವಣದ ಕಿಟಕಿಯ ಬಿಸಿಲು ಮಾತ್ರ ಮರಕ್ಕೆ ಒಳ್ಳೆಯದಲ್ಲ. ವಾಲ್‌ನಟ್ ಮರ ಬಿಸಿಲಿಗೆ ತಿಳಿಯಾಗುತ್ತದೆ, ಚೆರ್ರಿ ಕಪ್ಪಾಗುತ್ತದೆ. ಅದರ ಮೇಲೆ ಹೂದಾನಿ ಇಟ್ಟಿದ್ದರೆ ಅಷ್ಟು ಜಾಗ ಬೇರೆ ಬಣ್ಣಕ್ಕೆ ಉಳಿಯುತ್ತದೆ. ಎರಡು ಪದರ ಪರದೆ ಹಾಕಿ: ಸಂಜೆಯ ಬೆಳಕನ್ನು ಸೋಸಲು ತೆಳುವಾದದ್ದು, ರಾತ್ರಿಗೆ ದಪ್ಪದ್ದು. ಪರದೆ ಸೂರಿನಿಂದ ನೆಲದವರೆಗೂ ಬರಲಿ. ಸೂರು ಸ್ವಲ್ಪ ಎತ್ತರವಾದಂತೆ ಕಾಣುತ್ತದೆ.

ಪಡುವಣ ಕಿಟಕಿ (ಅದೇ ದಿನ)

ಅಮ್ಮನ ಮುಖದ ಮಾತು ಓದಿದ ಕೂಡಲೇ ಹೋಗಿ ಅಡುಗೆಮನೆಯ ಬಲ್ಬು ನೋಡಿದೆ. 6500 ಕೆಲ್ವಿನ್, ನೀಲಿ ಬೆರೆತ ತಣ್ಣನೆ ಬಿಳಿ. ಈಗಲೇ ಬದಲಿಸಿದೆ.

ಬಣ್ಣ ಮತ್ತು ಬಟ್ಟೆಗಳ ಬಗ್ಗೆ ಯಾರಾದರೂ ಹೇಳಿ. ಗೋಡೆಗೆ ಸಾಸಿವೆ ಹಳದಿ ಬಳಿಯಬೇಕೆಂದಿದ್ದೆ. ಇನ್ನೊಂದು ಭಯವೂ ಇದೆ: ನನ್ನ ಹತ್ತಿರ ಸಣ್ಣಪುಟ್ಟ ವಸ್ತುಗಳು ಬಹಳ. ಕಲ್ಲುಗಳು, ಗೊಂಬೆಗಳು, ಸ್ನೇಹಿತರು ಕೊಟ್ಟ ಮಣ್ಣಿನ ಬಟ್ಟಲುಗಳು. ಆ ಶೈಲಿಯ ಚಿತ್ರಗಳಲ್ಲಿ ಕಪಾಟಿನ ಮೇಲೆ ಒಂದೇ ಹೂದಾನಿ ಇರುತ್ತದೆ.

ಅಳತೆಪಟ್ಟಿ (ಅದೇ ರಾತ್ರಿ)

ಆ ಚಿತ್ರಗಳನ್ನು ಮಾರುವ ಸಲುವಾಗಿ ತೆಗೆದಿರುತ್ತಾರೆ. ಈಮ್ಸ್ ದಂಪತಿ 1949ರಲ್ಲಿ ಲಾಸ್ ಏಂಜಲೀಸಿನಲ್ಲಿ ಕಟ್ಟಿಕೊಂಡ ಸ್ವಂತ ಮನೆಯ ಒಳಗಿನ ಫೋಟೋಗಳನ್ನು ಹುಡುಕಿ ನೋಡಿ. ಹೊರಗೆ ಉಕ್ಕು, ಗಾಜು, ನೇರ ಗೆರೆಗಳು. ಒಳಗೆ ಗಿಡಗಳು, ಕಂಬಳಿಗಳು, ಗೊಂಬೆಗಳು, ಚಿಪ್ಪುಗಳು, ಮೇಣದ ಬತ್ತಿಗಳು, ಊರೂರಿನಿಂದ ತಂದ ಸಣ್ಣ ವಸ್ತುಗಳು. ಇಬ್ಬರೂ ಕೊನೆಯವರೆಗೆ ಅದೇ ಮನೆಯಲ್ಲಿದ್ದರು, ಕೂಡಿಡುವುದನ್ನು ನಿಲ್ಲಿಸಲಿಲ್ಲ. ನಿಮ್ಮ ಕಲ್ಲುಗಳನ್ನು ಡಬ್ಬಿಯಿಂದ ಹೊರತೆಗೆಯಿರಿ. ಪುಸ್ತಕದ ಗೋಡೆಯಲ್ಲಿ ನಡುನಡುವೆ ಖಾನೆಗಳನ್ನು ಅವಕ್ಕೆಂದೇ ಬಿಡಿ.

ಬಣ್ಣಕ್ಕೆ ನನ್ನ ಅನುಭವ: ಸಾಸಿವೆ ಹಳದಿ ಪಡುವಣ ಬಿಸಿಲಲ್ಲಿ ಸಂಜೆ ಹೊತ್ತಿಗೆ ಕಿತ್ತಳೆಯಾಗುತ್ತದೆ. ಗೋಡೆ ತುಸು ಹಳದಿ ಬೆರೆತ ಬಿಳಿಯಾಗಿರಲಿ. ಸಾಸಿವೆ, ಇಟ್ಟಿಗೆ ಕೆಂಪು, ಪಾಚಿ ಹಸಿರು ಇವೆಲ್ಲ ಬಟ್ಟೆಯಲ್ಲಿ ಬರಲಿ. ಬೇಸರವಾದರೆ ಬದಲಿಸುವುದು ಸುಲಭ.

ಮೂರನೇ ಮಹಡಿ (ಮರುದಿನ)

ನೆಲಹಾಸು ದೊಡ್ಡದೇ ಇರಲಿ, ಉಣ್ಣೆಯದಾಗಿರಲಿ. ಕಾಂಕ್ರೀಟ್ ನೆಲ, ಗಾಜಿನ ಗೋಡೆ, ಬರಿಯ ಮರ ಸೇರಿದರೆ ಮಾತು ಕಣಕಣ ಮೊಳಗುತ್ತದೆ. ನಮ್ಮ ಮನೆಯಲ್ಲಿ ಉಣ್ಣೆಯ ಹಾಸು ಮತ್ತು ದಪ್ಪ ಪರದೆ ಬಂದ ದಿನವೇ ದನಿಗಳು ತಗ್ಗಿದವು. ಅದರ ಅಂಚು ಮಾತ್ರ ಅಮ್ಮ ನಡೆಯುವ ದಾರಿಯಲ್ಲಿ ಇರಬಾರದು, ಕೆಳಗೆ ಜಾರದ ಪಟ್ಟಿಯೂ ಬೇಕು.

ಪಡುವಣ ಕಿಟಕಿ (ಐದು ತಿಂಗಳ ನಂತರ)

ಎಲ್ಲರಿಗೂ ವರದಿ ಒಪ್ಪಿಸಬೇಕೆಂದು ಬಂದೆ.

ನೆಲದ ಬಿಲ್ಲೆಗಳಲ್ಲಿ ಕಲ್ನಾರು ಇತ್ತು. ಮುಟ್ಟಲಿಲ್ಲ, ತಜ್ಞರ ಸಲಹೆಯಂತೆ ಅವುಗಳ ಮೇಲೆಯೇ ಕಾರ್ಕ್ ನೆಲ ಹಾಸಿದೆವು. ಬರಿಗಾಲಿಗೆ ಬೆಚ್ಚಗಿದೆ. ಮೂರನೇ ಮಹಡಿ ಅವರೇ, ನೀವು ಬರೆಯದಿದ್ದರೆ ನಾನೂ ಕೆರೆಸುತ್ತಿದ್ದೆ.

ಅಡುಗೆಮನೆಯ ಗೋಡೆ ಭಾರದ್ದಲ್ಲ ಎಂದು ಎಂಜಿನಿಯರ್ ಬರೆದುಕೊಟ್ಟರು. 1.2 ಮೀಟರ್ ತೆರೆಯಲು ಸಂಘದವರು ಒಪ್ಪಲಿಲ್ಲ, 90 ಸೆಂಟಿಮೀಟರಿಗೆ ಒಪ್ಪಿದರು. ಸಾಕಾಯಿತು. ಮೇಜು, ದೀಪ, ಗಾಲಿಮೇಜು, ದಿವಾನ ಬಂದಿವೆ. ದಿವಾನವನ್ನು ಬಡಗಿಯೊಬ್ಬರು ಓಕ್ ಮರದಲ್ಲಿ ಮಾಡಿದರು, ಬೆನ್ನಿನ ಹಿಂದೆ ದಿಂಬಿನ ಜಾಗ ಬಿಟ್ಟು. ಪುಸ್ತಕದ ಗೋಡೆ ಅರ್ಧ ಆಗಿದೆ, ಉಳಿದ ಪುಸ್ತಕಗಳು ಇನ್ನೂ ಪೆಟ್ಟಿಗೆಗಳಲ್ಲಿವೆ. ಕಲ್ಲುಗಳು ಮಾತ್ರ ಎಲ್ಲವೂ ಹೊರಗೆ ಬಂದವು.

ಅಮ್ಮನಿಗೆ ಕುರ್ಚಿ ಹುಡುಕಲು ಮೂರು ವಾರ ಹಿಡಿಯಿತು. ಉಳಿ ಬಾಚಿ ಅವರು ಹೇಳಿದಂತೆ ಪ್ರತಿ ಅಂಗಡಿಯಲ್ಲೂ ಐದು ಸಲ ಕೂರಿಸಿ ಏಳಿಸಿದೆ. ಏಳನೆಯ ಕುರ್ಚಿಯಲ್ಲಿ ಎರಡನೇ ಸಲ ಎದ್ದವರೇ ಸಾಕು, ಇದೇ ಇರಲಿ ಎಂದರು. ಯಾರು ಮಾಡಿದ್ದೆಂದು ಎಲ್ಲಿಯೂ ಬರೆದಿಲ್ಲ. ಎತ್ತರದ ಬೆನ್ನು, ತುದಿಯಲ್ಲಿ ಅಂಗೈ ಕೂರುವಂತೆ ತೀಡಿದ ಕೈಗಳು, ಆಸನ 46 ಸೆಂಟಿಮೀಟರ್. ರಬ್ಬರ್ ಪಟ್ಟಿ ಬದಲಿಸಿ, ಪಾಚಿ ಹಸಿರು ಉಣ್ಣೆ ಬಟ್ಟೆ ಹಾಕಿಸಿದೆವು. ಈಗ ಅದು ತೆರೆದ ಗೋಡೆಯ ಪಕ್ಕ, ದೀಪದ ವೃತ್ತದ ಅಂಚಿನಲ್ಲಿದೆ.

ಒರಗು ಕುರ್ಚಿ ಇನ್ನೂ ಬಂದಿಲ್ಲ. ಕಿಟಕಿಯ ಎಡ ಮೂಲೆಯಲ್ಲಿ ಅದರ ಅಳತೆಗೆ ಕತ್ತರಿಸಿದ ವೃತ್ತಪತ್ರಿಕೆಯ ಹಾಳೆಯನ್ನು ಮತ್ತೆ ಹಾಸಿದ್ದೇನೆ. ಅಮ್ಮ ನೆಲ ಗುಡಿಸುವಾಗ ಅದನ್ನು ಎತ್ತಿ ಗುಡಿಸಿ, ಮತ್ತೆ ಅಲ್ಲಿಯೇ ಹಾಸಿ ಇಡುತ್ತಾರೆ.